ಮೀನಿಲ್ಲದ ಅಕ್ವೇರಿಯಂ: ಸೀಗಡಿ, ಬಸವನಹುಳು ಮತ್ತು ಪಳಗಿದ ನೀರು

ನೀರು ಕನ್ನಡಿಯ ಹಾಗೆ ತಿಳಿಯಾಗಿದೆ ಅಂತ ನೋಡಿ, ತೊಟ್ಟಿ ಸಿದ್ಧ ಮಾಡಿದ ಐದನೇ ದಿನಕ್ಕೇ ಹತ್ತು ಸೀಗಡಿ ಬಿಟ್ಟಿದ್ದೆ. ಮೂರನೇ ಬೆಳಿಗ್ಗೆ ಎದ್ದು ನೋಡಿದರೆ ಒಂಬತ್ತು ಸತ್ತಿದ್ದವು. ಉಳಿದ ಒಂದು, ಎಲೆಯೊಂದರ ತುದಿಗೆ ಹತ್ತಿ ನೀರಿನ ಮೇಲ್ಮೈಗೆ ಮೈ ತಾಗಿಸಿಕೊಂಡು ಕೂತಿತ್ತು. ನೀರು ಆಗಲೂ ತಿಳಿಯಾಗಿಯೇ ಇತ್ತು.

ತಿಳಿನೀರು ಬೇರೆ, ಪಳಗಿದ ನೀರು ಬೇರೆ. ನಾನು ಇದನ್ನು ಕಲಿತದ್ದು ಹೀಗೆ. ಮಣ್ಣು ಹಾಸಿ ಗಿಡ ನೆಡುವುದು ಅರ್ಧ ದಿನದ ಕೆಲಸ. ನೀರು ಪಳಗಲು ಸುಮಾರು ಆರು ವಾರ ಬೇಕು. ಆ ಆರು ವಾರ ಕೈಕಟ್ಟಿ ಕೂರುವ ತಾಳ್ಮೆ ಇದ್ದರೆ ಫಿಲ್ಟರ್ ಇಲ್ಲದ, ದಿನಾ ಊಟ ಕೇಳದ ಪುಟ್ಟ ಕೆರೆಯೊಂದು ನಿಮ್ಮ ಮೇಜಿನ ಮೇಲೆ ವರ್ಷಗಟ್ಟಲೆ ಇರುತ್ತದೆ.

ಬಾಯಿ ಮುಚ್ಚಿ ಸೀಲ್ ಮಾಡಿದ ಗಾಜಿನ ಗೋಳಗಳ ಬಗ್ಗೆ ನಾನು ಇಲ್ಲಿ ಹೇಳುತ್ತಿಲ್ಲ. ಈ ತೊಟ್ಟಿಗೆ ಗಾಳಿ ಬೇಕು, ಬೆಳಕು ಬೇಕು, ಆವಿಯಾದ ನೀರನ್ನು ನೀವು ತುಂಬಬೇಕು, ಜಾಸ್ತಿಯಾದ ಗಿಡ ಕತ್ತರಿಸಬೇಕು. ಅದು ಬಿಟ್ಟರೆ ಒಳಗಿನ ವ್ಯವಹಾರ ಒಳಗಿನವರದ್ದೇ.

ಮೀನು ಯಾಕೆ ಬೇಡ? ಮೀನಿಗೆ ಹೊರಗಿನಿಂದ ಊಟ ಹಾಕಲೇಬೇಕು. ಊಟ ಹೆಚ್ಚಾದಷ್ಟೂ ಗಲೀಜು ಹೆಚ್ಚು. ಅದರ ಮೇಲೆ, ಮೀನಿನ ಬಾಯಿಗೆ ಹಿಡಿಸುವ ಗಾತ್ರದ ಸೀಗಡಿ ಮರಿ ಒಂದೂ ಉಳಿಯುವುದಿಲ್ಲ.

1849ರ ಒಂದು ಪ್ರಯೋಗ

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಸುಮಾರು 50 ಲೀಟರ್ ಹಿಡಿಯುವ ಗಾಜಿನ ಪಾತ್ರೆಗೆ ಅರ್ಧ ನೀರು ತುಂಬಿ, ಎರಡು ಗೋಲ್ಡ್‌ಫಿಶ್ ಬಿಟ್ಟು, ಒಂದು ವ್ಯಾಲಿಸ್ನೇರಿಯಾ ಗಿಡ ನೆಟ್ಟರು. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಲೆಕ್ಕ ಸರಿಹೋಗಬೇಕು ಅನ್ನುವುದು ಅವರ ಎಣಿಕೆ. ಆದರೆ ಹಳೆಯ ಎಲೆ ಕೊಳೆಯಿತು, ನೀರು ಕದಡಿತು, ಗಾಜಿನ ಮೇಲೆ ಹಸಿರು ಲೋಳೆ ಕಟ್ಟಿತು. ಆಮೇಲೆ ಅವರು ಕೆರೆಯ ಕೆಲವು ಬಸವನಹುಳು ತಂದು ಬಿಟ್ಟರು. ಅವು ಕೊಳೆತ ಎಲೆ, ಲೋಳೆ ಎರಡನ್ನೂ ತಿಂದವು. ನೀರು ತಿಳಿಯಾಯಿತು, ಗಿಡ ಚಿಗುರಿತು. ಮರುವರ್ಷ ಈ ಪ್ರಯೋಗದ ವಿವರ ಪ್ರಕಟವಾಯಿತು.

ಗಿಡ ಮತ್ತು ಪ್ರಾಣಿ ಇಬ್ಬರೇ ಇದ್ದರೆ ಸಂಸಾರ ನಡೆಯುವುದಿಲ್ಲ. ಕೊಳೆತದ್ದನ್ನು ತಿನ್ನುವ ಮೂರನೆಯವರು ಬೇಕು. ಬಸವನಹುಳು ಕಣ್ಣಿಗೆ ಕಾಣುವ ಮೂರನೆಯವರು. ಕಾಣದವರು ಬ್ಯಾಕ್ಟೀರಿಯಾಗಳು.

ಆ ಬ್ಯಾಕ್ಟೀರಿಯಾಗಳ ಕೆಲಸ ಒಂದು ನಿಮಿಷ ಕೇಳಿ, ಮುಂದಿನದ್ದೆಲ್ಲ ಸುಲಭವಾಗುತ್ತದೆ. ಏನು ಕೊಳೆತರೂ ಅಮೋನಿಯಾ ಬರುತ್ತದೆ. ಅದು ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಅಪಾಯದ್ದಲ್ಲ. ಈ ಗುಂಪುಗಳು ಮಣ್ಣು, ಮರಳು, ಎಲೆ, ಗಾಜು ಎಲ್ಲ ಕಡೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ನೀರಿನ ಗಿಡಗಳೂ ಅಮೋನಿಯಾವನ್ನು ನೇರವಾಗಿ ಹೀರುತ್ತವೆ, ಎಷ್ಟೋ ಗಿಡಗಳಿಗೆ ನೈಟ್ರೇಟ್‌ಗಿಂತ ಅದೇ ಇಷ್ಟ. ನನ್ನ ಒಂಬತ್ತು ಸೀಗಡಿಗಳು ಸತ್ತದ್ದು ಕೆಲಸಗಾರರು ಬರುವ ಮೊದಲೇ ಬಾಡಿಗೆದಾರರನ್ನು ಕರೆದದ್ದಕ್ಕೆ.

ಪಾತ್ರೆ

20ರಿಂದ 40 ಲೀಟರ್ ಹಿಡಿಯುವ ಗಾಜಿನ ತೊಟ್ಟಿ ಸಾಕು. ಪ್ರತಿ ಬದಿ 30 ಸೆಂಟಿಮೀಟರ್ ಇರುವ ಚೌಕ ತೊಟ್ಟಿಗೆ ಅಂಚಿನವರೆಗೆ 27 ಲೀಟರ್ ಹಿಡಿಯುತ್ತದೆ. ಸಣ್ಣ ಜಾಡಿಯಲ್ಲೂ ಮಾಡಬಹುದು, ಆದರೆ ಅದರಲ್ಲಿ ಬಿಸಿ ಬೇಗ ಏರುತ್ತದೆ, ತಪ್ಪು ಬೇಗ ವಿಷವಾಗುತ್ತದೆ. ಮೊದಲ ಸಲ ಮಾಡುವವರು ದೊಡ್ಡದನ್ನೇ ತೆಗೆದುಕೊಳ್ಳಿ. ಬಾಯಿ ಅಗಲವಾಗಿರಲಿ, ಕತ್ತು ಕಿರಿದಾದ ಬಾಟಲಿ ಬೇಡ. ನೀರಿಗೆ ಗಾಳಿ ಸೇರುವುದು ಮೇಲ್ಮೈಯಿಂದ.

ಲೀಟರಿಗೆ ಒಂದು ಕೆಜಿ ತೂಕ, ಮೇಲೆ ಮಣ್ಣು, ಕಲ್ಲು, ಗಾಜು. ತುಂಬಿದ ಮೇಲೆ ಅಲುಗಿಸುವ ಹಾಗಿಲ್ಲ. ಜಾಗ ಮೊದಲೇ ನಿಶ್ಚಯ ಮಾಡಿ. ನೇರ ಬಿಸಿಲು ಬೀಳುವ ಕಿಟಕಿ ಬೇಡ. ಮಟ್ಟವಾದ, ಗಟ್ಟಿ ಮೇಜು ಬೇಕು.

ಮಣ್ಣು

ಅಂಗಡಿಯ ದುಬಾರಿ ಅಕ್ವೇರಿಯಂ ಮಣ್ಣು ಇಲ್ಲದೆಯೂ ನಡೆಯುತ್ತದೆ. ರಾಸಾಯನಿಕ ಗೊಬ್ಬರ, ಹಸಿ ಸಗಣಿ, ಕೀಟನಾಶಕ ಬೀಳದ ಸಾದಾ ತೋಟದ ಮಣ್ಣು ತನ್ನಿ. ಜರಡಿ ಹಿಡಿದು ಬೇರು, ಕಡ್ಡಿ ತೆಗೆಯಿರಿ. ಬಕೆಟ್‌ನಲ್ಲಿ ನೆನೆಹಾಕಿ, ತೇಲಿದ್ದನ್ನು ಚೆಲ್ಲಿ, ನೀರು ಬಸಿದು ಬಿಸಿಲಿಗೆ ಒಣಗಿಸಿ. ಮತ್ತೆ ನೆನೆಸಿ, ಮತ್ತೆ ಒಣಗಿಸಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಸುಲಭವಾಗಿ ಕೊಳೆಯುವುದೆಲ್ಲ ಹೊರಗೇ ಕೊಳೆತು ಮುಗಿಯುತ್ತದೆ. ಬೇಸರದ ಕೆಲಸ, ನಿಜ. ಆದರೆ ಇಲ್ಲಿ ಕಳೆದ ಒಂದು ವಾರ ತೊಟ್ಟಿಯೊಳಗೆ ಎರಡು ವಾರ ಉಳಿಸುತ್ತದೆ.

ತಳಕ್ಕೆ ಈ ಮಣ್ಣು 2.5 ಸೆಂಟಿಮೀಟರ್ ದಪ್ಪ ಹಾಸಿ. ಪುಡಿಮಾಡಿದ ಕಪ್ಪೆಚಿಪ್ಪು ಒಂದು ಹಿಡಿ ಬೆರೆಸಿ. ಸೀಗಡಿಯ ಹೊರಕವಚಕ್ಕೂ ಬಸವನಹುಳುವಿನ ಚಿಪ್ಪಿಗೂ ಬೇಕಾದ ಸುಣ್ಣದಂಶ ಇದರಿಂದ ನಿಧಾನವಾಗಿ ಬಿಡುತ್ತದೆ. ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು, ಕಾಳು 1ರಿಂದ 3 ಮಿಲಿಮೀಟರ್, ಅದೂ 2.5 ಸೆಂಟಿಮೀಟರ್. ಮರಳು ತೆಳುವಾದರೆ ಮಣ್ಣು ಮೇಲೆದ್ದು ನೀರು ಕೆಸರಾಗುತ್ತದೆ. ತೀರಾ ದಪ್ಪವಾದರೆ, ಅಥವಾ ಹಿಟ್ಟಿನಂಥ ನುಣ್ಣನೆ ಮರಳಾದರೆ, ಕೆಳಗೆ ಗಾಳಿ ತಲುಪದೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕಟ್ಟುತ್ತದೆ.

ಮಣ್ಣಿನ ಮೇಲೆ ಮರಳು, ತುಂಬ ಗಿಡ, ಕಡಿಮೆ ಯಂತ್ರ: ಈ ಕ್ರಮವನ್ನು ಹವ್ಯಾಸಿಗಳು ಇದರ ಬಗ್ಗೆ ಪುಸ್ತಕ ಬರೆದ ಡಯಾನಾ ವಾಲ್‌ಸ್ಟಾಡ್ ಅವರ ಹೆಸರಿನಲ್ಲಿ ವಾಲ್‌ಸ್ಟಾಡ್ ವಿಧಾನ ಅಂತಲೇ ಕರೆಯುತ್ತಾರೆ.

ಗಿಡ: ಮೊದಲ ದಿನವೇ ತುಂಬಿ

ಎರಡು ಗಿಡ ನೆಟ್ಟು ಬೆಳೆಯಲಿ ಅಂತ ಕಾಯುವುದು ಎಲ್ಲರೂ ಮಾಡುವ ತಪ್ಪು. ಖಾಲಿ ಜಾಗದಲ್ಲಿ ಪಾಚಿ ಬರುತ್ತದೆ. ತಳದ ಮುಕ್ಕಾಲು ಭಾಗ ಮೊದಲ ದಿನವೇ ಗಿಡದಿಂದ ಮುಚ್ಚಿರಬೇಕು.

ಮೂರು ಬಗೆಯವು ಬೇಕು. ಒಂದು, ಬೇರಿಳಿಸುವವು: ವ್ಯಾಲಿಸ್ನೇರಿಯಾ, ಕ್ರಿಪ್ಟೋಕೊರೈನ್. ಇವುಗಳ ಬೇರು ಮಣ್ಣಿಗೆ ಆಮ್ಲಜನಕ ಇಳಿಸುತ್ತದೆ, ಅದಕ್ಕೇ ಮಣ್ಣು ಕೆಡುವುದಿಲ್ಲ. ಎರಡು, ಬೇಗ ಬೆಳೆದು ನೀರಿನ ಅಮೋನಿಯಾ ಕುಡಿಯುವವು: ಹಾರ್ನ್‌ವರ್ಟ್, ಮತ್ತೆ ಶಾಲೆಯ ಪ್ರಯೋಗದಲ್ಲಿ ಆಲಿಕೆಯ ಕೆಳಗಿಟ್ಟು ಗುಳ್ಳೆ ಎಣಿಸಿದ ಅದೇ ಹೈಡ್ರಿಲ್ಲಾ. ಚೆಂದ ಅನ್ನಿಸದಿದ್ದರೂ ಮೊದಲ ಎರಡು ತಿಂಗಳು ಇವೇ ತೊಟ್ಟಿಯ ಬೆನ್ನೆಲುಬು. ಮೂರು, ತೇಲುವವು: ಸಾಲ್ವೀನಿಯಾ ಅಥವಾ ಡಕ್‌ವೀಡ್. ಇವು ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುವುದರಿಂದ ಓಟದಲ್ಲಿ ಮುಂದೆ. ಅರ್ಧ ಮೇಲ್ಮೈಗಿಂತ ಜಾಸ್ತಿ ಹರಡಲು ಬಿಡಬೇಡಿ, ಕೆಳಗಿನವಕ್ಕೆ ಬೆಳಕು ಸಿಗುವುದಿಲ್ಲ. ಡಕ್‌ವೀಡ್ ಒಮ್ಮೆ ಬಂದರೆ ಮತ್ತೆ ಹೋಗುವುದಿಲ್ಲ, ಗೊತ್ತಿರಲಿ. ನಾನು ಸಾಲ್ವೀನಿಯಾ ಪಕ್ಷ.

ಜೊತೆಗೆ ಒಂದು ಮುಷ್ಟಿ ಜಾವಾ ಮಾಸ್ ಇರಲೇಬೇಕು. ಸೀಗಡಿ ಮರಿಗಳ ತೊಟ್ಟಿಲು ಅದು. ಅನುಬಿಯಾಸ್ ತಂದರೆ ಅದರ ದಪ್ಪ ಕಾಂಡವನ್ನು ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ಕಲ್ಲಿಗೆ ದಾರದಿಂದ ಕಟ್ಟಿ. ಕ್ರಿಪ್ಟೋಕೊರೈನ್ ನೆಟ್ಟ ವಾರಕ್ಕೆ ಎಲೆಯೆಲ್ಲ ಕರಗಿ ಹೋದರೆ ಕಿತ್ತು ಎಸೆಯಬೇಡಿ. ಬೇರಿಗೆ ಜೀವ ಇರುತ್ತದೆ, ಹೊಸ ಎಲೆ ಬರುತ್ತದೆ.

ಅಂಗಡಿಯಿಂದ ತಂದ ಗಿಡವನ್ನು ನೇರ ತೊಟ್ಟಿಗೆ ಹಾಕಬೇಡಿ. ಬೆಳೆಸುವಾಗ ಕೀಟನಾಶಕ ಹೊಡೆದಿರಬಹುದು. ಸೀಗಡಿಗೆ ಅದರ ಒಂದು ಚೂರು ಸಾಕು. ವಾರವಿಡೀ ಬಕೆಟ್‌ನಲ್ಲಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿ.

ನೀರು, ಬೆಳಕು

ನಲ್ಲಿ ನೀರಲ್ಲಿ ಬರೀ ಕ್ಲೋರಿನ್ ಇದ್ದರೆ ಬಾಯಗಲದ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟರೆ ಹಾರಿಹೋಗುತ್ತದೆ. ಕೆಲವು ಕಡೆ ಕ್ಲೋರಿನ್ ಬದಲು ಹಾಕುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಡಿಕ್ಲೋರಿನೇಟರ್ ಹನಿ ಬೇಕು. ಯಾವುದು ಅಂತ ಗೊತ್ತಿಲ್ಲದಿದ್ದರೆ ಹನಿ ಹಾಕಿಬಿಡಿ. ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ಸಣ್ಣಗೆ ನೀರು ಬಿಡಿ. ಆಗ ಮಣ್ಣು ಏಳುವುದಿಲ್ಲ.

ಚೆರ್ರಿ ಸೀಗಡಿಗೆ 20ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತ. ಪಿಎಚ್ 6.5ರಿಂದ 8ರ ನಡುವೆ ಎಲ್ಲಿದ್ದರೂ ಸರಿ, ದಿನಾ ಏರಿಳಿಯದಿದ್ದರೆ ಆಯಿತು. ನೀರಿನ ಗಡಸುತನ ಮುಖ್ಯ, ಅದರ ಅಳತೆಯಾದ ಜಿಎಚ್ ಆರಕ್ಕಿಂತ ಕೆಳಗಿದ್ದರೆ ಸೀಗಡಿ ಕವಚ ಕಳಚುವಾಗ ಸಿಕ್ಕಿಹಾಕಿಕೊಂಡು ಸಾಯಬಹುದು. ಬೋರ್‌ವೆಲ್ ನೀರು ಗಡಸು ಅಂತ ಬೈಯುತ್ತೇವಲ್ಲ, ಬಸವನಹುಳುವಿಗೆ ಅದು ಹಬ್ಬ.

ಬೆಳಕಿಗೆ ಸಾದಾ ಬಿಳಿ ಎಲ್ಇಡಿ ಸಾಕು, ದಿನಕ್ಕೆ ಎಂಟು ಗಂಟೆ. ನಾನು ಅದನ್ನು ಎರಡು ಪಾಲು ಮಾಡುತ್ತೇನೆ: ನಾಲ್ಕು ಗಂಟೆ ಬೆಳಕು, ನಾಲ್ಕು ಗಂಟೆ ಕತ್ತಲೆ, ಮತ್ತೆ ನಾಲ್ಕು ಗಂಟೆ ಬೆಳಕು. ಬೆಳಿಗ್ಗೆ ಗಿಡಗಳು ನೀರಿನ ಇಂಗಾಲದ ಡೈಆಕ್ಸೈಡ್ ಮುಗಿಸುತ್ತವೆ. ನಡುವಿನ ನಿದ್ದೆಯಲ್ಲಿ ಮಣ್ಣು ಅದನ್ನು ಮತ್ತೆ ತುಂಬುತ್ತದೆ. ಟೈಮರ್ ಹಾಕಿಬಿಡಿ, ಮರೆವಿಗೆ ಅದೇ ಮದ್ದು.

ಕಾಯುವ ಆರು ವಾರ

ಮೊದಲ ವಾರ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗಬಹುದು. ಅದು ಬ್ಯಾಕ್ಟೀರಿಯಾಗಳ ಜಾತ್ರೆ, ತಾನಾಗಿ ಕರಗುತ್ತದೆ. ನೀರು ಬದಲಿಸಿ ತೊಳೆದು ಒರೆಸಲು ಹೋಗಬೇಡಿ. ಎರಡನೇ ವಾರ ಗಾಜು, ಎಲೆಗಳ ಮೇಲೆ ಕಂದು ಧೂಳು ಕೂರುತ್ತದೆ. ಡಯಾಟಮ್ ಅನ್ನುವ ಪಾಚಿ ಅದು. ಹೊಸ ಮರದ ತುಂಡು ಹಾಕಿದ್ದರೆ ಅದರ ಮೇಲೆ ಬಿಳಿ ಹತ್ತಿಯಂಥ ಬೂಷ್ಟು ಬರುತ್ತದೆ. ನೋಡಲು ಅಸಹ್ಯ, ತೊಂದರೆ ಏನಿಲ್ಲ. ಆಮೇಲೆ ಹಸಿರು ಪಾಚಿಯ ಸರದಿ.

ಮೂರು ನಾಲ್ಕನೇ ವಾರ, ರಾತ್ರಿ ಟಾರ್ಚ್ ಹಿಡಿದು ಗಾಜಿಗೆ ಕಣ್ಣು ತಾಗಿಸಿ ನೋಡಿ. ಜಿಗಿದು ಜಿಗಿದು ಹೋಗುವ ಬಿಳಿ ಚುಕ್ಕೆಗಳು ಸೈಕ್ಲೋಪ್ಸ್. ಎಳ್ಳು ಕಾಳಿಗೆ ಈಜು ಬಂದ ಹಾಗೆ ಉರುಳಾಡುವವು ಆಸ್ಟ್ರಕೋಡ್. ಮರಳಿನಿಂದ ದಾರದ ಎಳೆ ತೂಗಾಡುತ್ತಿದ್ದರೆ ಅವು ಕೊಳೆ ತಿನ್ನುವ ಹುಳುಗಳು. ಇವನ್ನೆಲ್ಲ ಯಾರೂ ಬಿಟ್ಟಿರುವುದಿಲ್ಲ. ಸಾಮಾನ್ಯವಾಗಿ ಗಿಡದ ಜೊತೆ ಬರುತ್ತವೆ. ಮೊದಲ ಸಲ ಕಂಡಾಗ ಗಾಬರಿಯಾಗುತ್ತದೆ, ಅಲ್ವಾ? ನನಗೂ ಆಗಿತ್ತು. ಈಗ ಇವು ಕಾಣದ ತೊಟ್ಟಿಗೆ ಸೀಗಡಿ ಬಿಡಲು ನನಗೆ ಧೈರ್ಯ ಬರುವುದಿಲ್ಲ.

ಈ ಹವ್ಯಾಸದಲ್ಲಿ ದುಡ್ಡು ಖರ್ಚು ಮಾಡಲೇಬೇಕಾದ ಒಂದು ವಸ್ತು ಅಂದರೆ ನೀರಿನ ಪರೀಕ್ಷೆಯ ಕಿಟ್. ವಾರಕ್ಕೆರಡು ಸಲ ನೋಡಿ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಗಿಡ ದಟ್ಟವಾಗಿದ್ದರೆ ಈ ಏರಿಳಿತ ಕಾಣದೆಯೂ ಹೋಗಬಹುದು. ಎರಡೂ ಸೊನ್ನೆಗೆ ಬಂದು, ಎರಡು ವಾರ ಸೊನ್ನೆಯಲ್ಲೇ ನಿಂತರೆ ನೀರು ಪಳಗಿತು ಅಂತ ಅರ್ಥ. ಅಮೋನಿಯಾ ತೀರಾ ಏರಿದರೆ ಮಾತ್ರ ಅರ್ಧ ನೀರು ಬದಲಿಸಿ.

ಯಾರು ಮೊದಲು, ಯಾರು ಆಮೇಲೆ

ಮೊದಲು ಬರಬೇಕಾದವರು ಬಸವನಹುಳುಗಳು. ಅಮೋನಿಯಾ ಇಳಿದ ಮೇಲೆ, ಮೂರನೇ ವಾರದ ಹೊತ್ತಿಗೆ ನಾಲ್ಕೈದು ರ್‍ಯಾಮ್ಸ್‌ಹಾರ್ನ್ ಬಿಡಿ. ಸುರುಳಿ ಸುತ್ತಿದ ಚಪ್ಪಟೆ ಚಿಪ್ಪು, ಕೆಲವಕ್ಕೆ ಮೈ ಕೆಂಪು. ನಮ್ಮ ಹಾಗೆ ಅವುಗಳ ರಕ್ತದಲ್ಲೂ ಹಿಮೋಗ್ಲೋಬಿನ್ ಇದೆ. ಜೊತೆಗೆ ಮಲೇಷಿಯನ್ ಟ್ರಂಪೆಟ್ ನಾಲ್ಕಾರು ಇರಲಿ. ಹಗಲೆಲ್ಲ ಮರಳಿನೊಳಗೆ ಹೂತುಕೊಂಡು ತಳ ಉಳುವ ರೈತ ಅದು. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹಾಡುಹಗಲೇ ಎಲ್ಲ ಟ್ರಂಪೆಟ್‌ಗಳೂ ಗಾಜು ಹತ್ತಿದರೆ ಕೆಳಗೆ ಏನೋ ಕೆಟ್ಟಿದೆ ಅಂತ ತಿಳಿಯಿರಿ.

ನೀರು ಹಸಿರು ಹಸಿರಾಗಿದ್ದರೆ ಡಾಫ್ನಿಯಾ ಬಿಡಬಹುದು. ನೀರಲ್ಲಿ ತೇಲುವ ಪಾಚಿಯನ್ನು ಸೋಸಿ ತಿನ್ನುವ ನೀರಿನ ಚಿಗಟ. ಒಳ್ಳೆ ಕಾಲದಲ್ಲಿ ಹೆಣ್ಣುಗಳೇ ಗಂಡಿಲ್ಲದೆ ಹೆಣ್ಣು ಮರಿ ಹಾಕುತ್ತವೆ. ಕೆಟ್ಟ ಕಾಲ ಬಂದಾಗ ಗಟ್ಟಿ ಕವಚದ ಮೊಟ್ಟೆ ಇಡುತ್ತವೆ, ಅದು ಒಣಗಿದರೂ ಸಾಯುವುದಿಲ್ಲ. ನೀರು ತಿಳಿಯಾದ ಮೇಲೆ ಡಾಫ್ನಿಯಾ ಕಡಿಮೆಯಾಗುವುದು ಸಹಜ. ಊಟ ಮುಗಿಯಿತು, ಅಷ್ಟೇ.

ಆರನೇ ವಾರ ಸೀಗಡಿ. ಚೆರ್ರಿ ಸೀಗಡಿಯೇ ಸರಿ. ಸಿಹಿನೀರಲ್ಲೇ ಮರಿ ಮಾಡುತ್ತದೆ, ಮರಿ ಹುಟ್ಟುವಾಗಲೇ ದೊಡ್ಡದರ ಅಚ್ಚು. ಅಮಾನೋ ಸೀಗಡಿ ಪಾಚಿ ತಿನ್ನುವುದರಲ್ಲಿ ಗಟ್ಟಿಗ, ಆದರೆ ಅದರ ಮರಿಗೆ ಉಪ್ಪುನೀರು ಬೇಕು, ಆದ್ದರಿಂದ ಈ ತೊಟ್ಟಿಯಲ್ಲಿ ವಂಶ ಬೆಳೆಯುವುದಿಲ್ಲ. ಹತ್ತು ಸೀಗಡಿಯಿಂದ ಶುರುಮಾಡಿ.

ಬಿಡುವಾಗ ಅವಸರ ಬೇಡ. ಚೀಲದ ನೀರಿನ ಸಮೇತ ಒಂದು ಪಾತ್ರೆಗೆ ಸುರಿದು, ಸಣ್ಣ ಪೈಪಿಗೆ ಗಂಟು ಹಾಕಿ, ತೊಟ್ಟಿಯ ನೀರನ್ನು ಸೆಕೆಂಡಿಗೆ ಒಂದೆರಡು ಹನಿಯಂತೆ ಅದಕ್ಕೆ ಇಳಿಬಿಡಿ. ಒಂದೆರಡು ಗಂಟೆಯಲ್ಲಿ ಪಾತ್ರೆಯ ನೀರು ಮೂರು ಪಟ್ಟಾಗುತ್ತದೆ. ಆಮೇಲೆ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಿ. ಅಂಗಡಿ ನೀರು ಒಳಗೆ ಹೋಗಬಾರದು.

ಕೆಲವು ದಿನದಲ್ಲಿ ಒಂದು ಪಾರದರ್ಶಕ ಸೀಗಡಿ ಸತ್ತು ಬಿದ್ದ ಹಾಗೆ ಕಾಣುತ್ತದೆ. ಎಣಿಸಿ ನೋಡಿ, ಹತ್ತೂ ಇರುತ್ತವೆ. ಅದು ಕಳಚಿದ ಕವಚ. ತೆಗೆಯಬೇಡಿ, ಅವೇ ತಿಂದು ಸುಣ್ಣ ವಾಪಸ್ ಪಡೆಯುತ್ತವೆ. ಹೆಣ್ಣಿನ ಹೊಟ್ಟೆಯ ಕೆಳಗೆ 20–30 ಮೊಟ್ಟೆಯ ಗೊಂಚಲು ಕಂಡ ಮೇಲೆ ಮೂರು ನಾಲ್ಕು ವಾರಕ್ಕೆ ಮರಿ.

ಊಟ

ಸೀಗಡಿ ಬಿಟ್ಟ ಮೊದಲ ವಾರಗಳಲ್ಲಿ ಏನೂ ಹಾಕಬೇಡಿ. ಎಲೆ, ಕಲ್ಲು, ಗಾಜಿನ ಮೇಲಿನ ಲೋಳೆಯೇ ಅವುಗಳ ಊಟ. ಒಣಗಿ ಉದುರಿದ ಕಾಡು ಬಾದಾಮಿ ಎಲೆ ಒಂದನ್ನು ಹಾಕಿ, ತಿಂಗಳುಗಟ್ಟಲೆ ಮೇಯುತ್ತವೆ. ಸಂಖ್ಯೆ ಹೆಚ್ಚಿದ ಮೇಲೆ ಬೇಕಿದ್ದರೆ ವಾರಕ್ಕೊಮ್ಮೆ, ಬಿಸಿನೀರಲ್ಲಿ ಅದ್ದಿ ತೆಗೆದ ಸೊಪ್ಪಿನ ಉಗುರಗಲದ ತುಂಡು. ಮರುದಿನ ಉಳಿದಿದ್ದರೆ ತೆಗೆದುಬಿಡಿ.

ಊಟ ಜಾಸ್ತಿಯಾಯಿತಾ ಅಂತ ತಿಳಿಯಲು ಬಸವನಹುಳು ಎಣಿಸಿ. ಅವು ದಿಢೀರನೆ ನೂರಾದರೆ ತಪ್ಪು ಅವುಗಳದ್ದಲ್ಲ, ನಿಮ್ಮ ಕೈಯದ್ದು.

ವಿಷ, ಬೇಟೆಗಾರರು, ಸೊಳ್ಳೆ

ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರ ವಿಷ. ಮೀನಿನ ಔಷಧಿ, ಕೆಲವು ದ್ರವ ಗೊಬ್ಬರಗಳಲ್ಲಿ ಅದು ಇರುತ್ತದೆ. ಲೇಬಲ್ ಓದದೆ ಏನನ್ನೂ ಹಾಕಬೇಡಿ. ಅದಕ್ಕಿಂತ ದೊಡ್ಡ ಶತ್ರು ಮನೆಯೊಳಗಿನ ಸೊಳ್ಳೆ, ಜಿರಳೆ ಸ್ಪ್ರೇ. ಅದರಲ್ಲಿರುವ ಪೈರೆಥ್ರಾಯ್ಡ್‌ಗೆ ಸೀಗಡಿ ಮತ್ತು ಜಿರಳೆಯ ವ್ಯತ್ಯಾಸ ಗೊತ್ತಿಲ್ಲ. ತೊಟ್ಟಿ ಇರುವ ಕೋಣೆಯಲ್ಲಿ ಹೊಡೆಯಲೇಬೇಡಿ.

ಮೀನಿಲ್ಲದ ತೆರೆದ ನೀರಿಗೆ ಸೊಳ್ಳೆ ಬರುವುದು ಖಂಡಿತ. ಸೈಕ್ಲೋಪ್ಸ್ ಜಾತಿಯ ಕೆಲವು ದೊಡ್ಡ ಜೀವಿಗಳು ಆಗಷ್ಟೇ ಹುಟ್ಟಿದ ಸೊಳ್ಳೆ ಮರಿ ತಿನ್ನುತ್ತವೆ, ವಿಯೆಟ್ನಾಂನಲ್ಲಿ ಡೆಂಗಿ ತಡೆಯಲು ನೀರಿನ ತೊಟ್ಟಿಗಳಿಗೆ ಅವನ್ನು ಬಿಟ್ಟದ್ದೂ ಉಂಟು. ನಿಮ್ಮ ತೊಟ್ಟಿಯಲ್ಲಿ ಅದನ್ನೇ ನಂಬಿ ಕೂರಬೇಡಿ. ಸಣ್ಣ ಕಣ್ಣಿನ ಸೊಳ್ಳೆಪರದೆ ಬಟ್ಟೆ ಬಿಗಿಯಾಗಿ ಮುಚ್ಚಿ. ಗಾಳಿ ಹೋಗುತ್ತದೆ, ಸೊಳ್ಳೆ ಹೋಗುವುದಿಲ್ಲ.

ಗಿಡದ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಬಂದರೆ ಕಂಡ ತಕ್ಷಣ ಎತ್ತಿ ಹೊರಹಾಕಿ. ಒಂದೇ ಮರಿ ಸೀಗಡಿಗಳನ್ನು ಒಂದೊಂದಾಗಿ ಮುಗಿಸುತ್ತದೆ. ತ್ರಿಕೋನ ತಲೆಯ ಚಪ್ಪಟೆ ಹುಳು ಗಾಜಿನ ಮೇಲೆ ಜಾರುತ್ತಿದ್ದರೆ ಅದು ಪ್ಲನೇರಿಯಾ. ಮೊದಲು ಊಟ ನಿಲ್ಲಿಸಿ, ಕೈಗೆ ಸಿಕ್ಕವನ್ನು ಹೀರಿ ತೆಗೆಯಿರಿ. ಅದಕ್ಕೆ ಕೊಡುವ ಕೆಲವು ಔಷಧಿ ಬಸವನಹುಳುಗಳನ್ನೂ ಕೊಲ್ಲುತ್ತದೆ.

ಸೀಗಡಿಗಳೆಲ್ಲ ಬೆಳಗಿನ ಜಾವ ಮೇಲ್ಮೈಗೆ ಬಂದು ಸೇರಿದರೆ ಆಮ್ಲಜನಕ ಸಾಲದು ಎಂದರ್ಥ. ರಾತ್ರಿ ಗಿಡಗಳೂ ಉಸಿರಾಡುತ್ತವೆ, ಹಾಗಾಗಿ ಆ ಹೊತ್ತಿಗೇ ಆಮ್ಲಜನಕ ತೀರಾ ಕಡಿಮೆ. ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದರೆ ಸಾದಾ ಕಾಗದ ಹಾಸಿ ಎತ್ತಿ, ತೇಲುವ ಗಿಡ ಅರ್ಧ ತೆಗೆಯಿರಿ.

ವಾರದ ಹತ್ತು ನಿಮಿಷ

ಆವಿಯಾದಷ್ಟು ನೀರು ತುಂಬಿ. ನೀರು ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಅದಕ್ಕೆ ಮೇಲೆ ತುಂಬಲು ಗಡಸು ನೀರು ಬೇಡ, ಆರ್‌ಒ ನೀರು ಅಥವಾ ಶುದ್ಧ ಮಳೆನೀರು ಒಳ್ಳೆಯದು. ಮುಂದಿನ ಗಾಜು ಮಾತ್ರ ಒರೆಸಿ, ಉಳಿದ ಮೂರು ಬದಿಯ ಪಾಚಿ ಮರಿಗಳಿಗಿರಲಿ. ಜಾಸ್ತಿಯಾದ ಗಿಡ ಕತ್ತರಿಸಿ, ತೊಟ್ಟಿಯ ನೀರಲ್ಲೇ ಒಮ್ಮೆ ಅದ್ದಿ ಒಳಗಿರುವ ಮರಿಗಳನ್ನು ಉದುರಿಸಿ. ಆ ಗಿಡವನ್ನು ಕೆರೆ, ಕಾಲುವೆಗೆ ಎಸೆಯಬೇಡಿ, ಬಸವನಹುಳುಗಳನ್ನಂತೂ ಬಿಡಲೇಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಆ್ಯಪಲ್ ಸ್ನೇಲ್ ಏಷ್ಯಾದ ಎಷ್ಟೋ ಭತ್ತದ ಗದ್ದೆಗಳಿಗೆ ಪಿಡುಗಾಯಿತು. ಕತ್ತರಿಸಿದ ಗಿಡವನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಕುಂಡದ ಗಿಡಕ್ಕೆ ಗೊಬ್ಬರ ಮಾಡಿ.

ಎರಡು ವಾರ ಊರಿಗೆ ಹೋಗಬೇಕಾದರೆ ನೀರು ಅಂಚಿನವರೆಗೆ ತುಂಬಿ, ಟೈಮರ್ ನಡೆಯುತ್ತಿದೆಯಾ ನೋಡಿ, ಪರದೆ ಬಿಗಿ ಮಾಡಿ, ಸುಮ್ನೆ ಹೊರಡಿ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು "ದಿನಾ ಒಂಚೂರು ಊಟ ಹಾಕಿ" ಅಂತ ಮಾತ್ರ ಹೇಳಬೇಡಿ. ಅವರು ಪ್ರೀತಿಯಿಂದ ಡಬ್ಬಿಯನ್ನೇ ಸುರಿಯುತ್ತಾರೆ.